ಬ್ಯಾಟರಿ ಬದಲಿಸುವ ಮುನ್ನ ಮೀಟರ್ ಹಿಡಿಯಿರಿ

ಹಂಪಿಯ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋದವರು, ಮೈಸೂರಿನ ಮೃಗಾಲಯ ಸುತ್ತಿದವರು ಬ್ಯಾಟರಿ ಗಾಡಿಯನ್ನು ನೋಡಿಯೇ ಇರುತ್ತೀರಿ. ಗಾಲ್ಫ್ ಮೈದಾನದಲ್ಲಿ ಹೆಸರು ಮಾಡಿದ ಈ ಬಗೆಯ ಗಾಡಿ ಈಗ ರೆಸಾರ್ಟು, ಆಸ್ಪತ್ರೆ, ಕಾಲೇಜುಗಳ ಆವರಣದಲ್ಲೂ ಓಡುತ್ತಿದೆ. ಅದು ದಾರಿಯಲ್ಲಿ ನಿಂತಾಗ ನನ್ನಂಥ ರಿಪೇರಿಯವರಿಗೆ ಫೋನ್ ಬರುತ್ತದೆ: “ಅಣ್ಣಾ, ಬ್ಯಾಟರಿ ಹೋಯ್ತು. ಹೊಸ ಸೆಟ್ಟಿಗೆ ಎಷ್ಟಾಗುತ್ತೆ?” ಅಳೆದು ನೋಡದೆ ನಾನು ಬೆಲೆ ಹೇಳುವುದಿಲ್ಲ.

ಸೀಟು ಎತ್ತಿದರೆ ಕೆಳಗೆ ಬ್ಯಾಟರಿ ಸಾಲು. 48 ವೋಲ್ಟಿನ ಗಾಡಿಯಲ್ಲಿ ಸಾಮಾನ್ಯವಾಗಿ 8 ವೋಲ್ಟಿನ ಆರು ಅಥವಾ 6 ವೋಲ್ಟಿನ ಎಂಟು ಆಸಿಡ್ ಬ್ಯಾಟರಿಗಳು. ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ ಕೂಡಿರುವುದರಿಂದ ಒಂದು ಸೊರಗಿದರೂ ಗಾಡಿಯೇ ಸೊರಗುತ್ತದೆ. ಕೈ ಹಾಕುವ ಮುನ್ನ ಉಂಗುರ, ವಾಚು ಬಿಚ್ಚಿಡಿ, ಕೀ ತೆಗೆಯಿರಿ, ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಚಾರ್ಜಾಗುವಾಗ ಹೈಡ್ರೋಜನ್ ಹೊರಬರುತ್ತದೆ. ಬೀಡಿ, ಬೆಂಕಿ ಹತ್ತಿರ ಸುಳಿಯಬಾರದು.

ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಮೀಟರ್ ಇಡಿ. ಗಟ್ಟಿಯಾಗಿರುವ 8 ವೋಲ್ಟಿನ ಬ್ಯಾಟರಿ ಸುಮಾರು 8.4 ತೋರಿಸುತ್ತದೆ, ಇಡೀ ಸೆಟ್ಟು 50ರ ಮೇಲಿರಬೇಕು. ಆದರೆ ನಿಂತ ಗಾಡಿಯ ಲೆಕ್ಕವನ್ನೇ ನಂಬಬೇಡಿ. ಸೋತ ಬ್ಯಾಟರಿಯೂ ಸುಮ್ಮನಿದ್ದಾಗ ಒಳ್ಳೆಯ ವೋಲ್ಟೇಜನ್ನೇ ತೋರಿಸಬಹುದು. ಜನರನ್ನು ಕೂರಿಸಿ ಗಾಡಿ ಏರು ಹತ್ತುವಾಗ ಒಂದೊಂದನ್ನೇ ಅಳೆದರೆ, ಉಳಿದವುಗಳಿಗಿಂತ ತೀರಾ ಕೆಳಗೆ ಕುಸಿಯುವುದೇ ಕಳ್ಳ. ಹೈಡ್ರೋಮೀಟರಿನಲ್ಲಿ ಆಸಿಡ್ ಎಳೆದು ನೋಡಿ: ತುಂಬಿದ ಸೆಲ್ಲಿನಲ್ಲಿ ಸಾಂದ್ರತೆ ಸುಮಾರು 1.265ರಿಂದ 1.280. ಒಂದು ಸೆಲ್ ಮಾತ್ರ ಬಹಳ ಕೆಳಗಿದ್ದರೆ ದೋಷ ಅಲ್ಲಿದೆ.

ಎಲ್ಲ ಬ್ಯಾಟರಿಯೂ ಸರಿ ಇದ್ದು ಗಾಡಿ ಎಳೆಯದಿದ್ದರೆ ಕೇಬಲ್ಲಿನ ತುದಿಯ ಲೋಹದ ಲಗ್ ನೋಡಿ. ಏರಿನಲ್ಲಿ 100 ಆಂಪಿಯರ್ ಹರಿಯುವಾಗ ತುಕ್ಕು ಹಿಡಿದ ಲಗ್ಗಿನಲ್ಲಿ 0.02 ಓಮ್ ಅಡ್ಡಿಯಿದ್ದರೂ ಸಾಕು, 2 ವೋಲ್ಟ್ ಅಲ್ಲೇ ಕಳೆದುಹೋಗಿ 200 ವಾಟ್ ಶಾಖವಾಗುತ್ತದೆ. ಲಗ್ ಕಾದು, ಬ್ಯಾಟರಿಯ ಕಂಬ ಕರಗುವುದು ಹೀಗೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಮೊದಲು ಮೈನಸ್ ಕೇಬಲ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಉಜ್ಜಿ. ಆ ನೀರು ಸೆಲ್ಲಿನೊಳಗೆ ಬೀಳದಂತೆ ಮುಚ್ಚಳ ಬಿಗಿಯಾಗಿರಲಿ. ಒಣಗಿಸಿ ಬಿಗಿದ ಮೇಲೆ ಗ್ರೀಸ್ ಸವರಿ.

ಕೇಬಲ್ಲೂ ಸರಿಯಿದ್ದರೆ ಕಿವಿಗೊಡಿ: ಹಲವು ಗಾಡಿಗಳಲ್ಲಿ ಪೆಡಲ್ ಒತ್ತಿದಾಗ ಸೊಲೆನಾಯ್ಡ್ ಸ್ವಿಚ್ ‘ಟಕ್’ ಎನ್ನುತ್ತದೆ. ಆ ಸದ್ದೇ ಇಲ್ಲದಿದ್ದರೆ ಫ್ಯೂಸ್, ಕೀ ಸ್ವಿಚ್, ಪೆಡಲಿನ ಮೈಕ್ರೋ ಸ್ವಿಚ್ ಮತ್ತು ಅವುಗಳ ಸಣ್ಣ ವೈರುಗಳನ್ನು ನೋಡಿ. ಸದ್ದು ಬಂದೂ ಗಾಡಿ ಅಲುಗದಿದ್ದರೆ ಸೊಲೆನಾಯ್ಡಿನ ಕಾಂಟ್ಯಾಕ್ಟ್, ಕಂಟ್ರೋಲರ್, ಮೋಟಾರು.

ಆಸಿಡ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಚಾರ್ಜ್ ಮುಗಿದ ಮೇಲೆ. ಪ್ಲೇಟು ಆಗಲೇ ಒಣಗಿ ಕಾಣುತ್ತಿದ್ದರೆ ಅವು ಮುಳುಗುವಷ್ಟು ಹಾಕಿ ಚಾರ್ಜಿಗೆ ಇಡಿ. ಓಡಿಸಿದ ದಿನವೇ ಚಾರ್ಜ್ ಮಾಡಿ. ಖಾಲಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ.

ಒಂದು ಸಡಿಲ ನಟ್ಟಿಗಾಗಿ ಗಟ್ಟಿಮುಟ್ಟಾದ ಆರು ಬ್ಯಾಟರಿಗಳನ್ನು ಗುಜರಿಗೆ ಹಾಕುವುದು ನನಗೆ ಸಹಿಸಲಾಗದ ಮಾತು. ಹಣವೂ ಹಾಳು, ಬ್ಯಾಟರಿಯೊಳಗಿನ ಅಷ್ಟು ಸೀಸವೂ ಪರಿಸರಕ್ಕೆ ಹೊರೆ. ಬ್ಯಾಟರಿಗಳ ಮೇಲೆ ಪೇಂಟಿನಲ್ಲಿ ನಂಬರ್ ಬರೆಯಿರಿ, ತಿಂಗಳಿಗೊಮ್ಮೆ ಅಳತೆ ಪುಸ್ತಕದಲ್ಲಿ ಬರೆದಿಡಿ. ಬದಲಿಸಿ ಎಂದು ಹೇಳುವ ಮೆಕ್ಯಾನಿಕ್ ಯಾರೇ ಆಗಿರಲಿ, ಯಾವ ನಂಬರಿನದು, ಎಷ್ಟು ಕುಸಿಯಿತು ಎಂದು ಕೇಳಿ.