ಅಂಗಳದ ವೇಷಧಾರಿಗಳು

ಕರಾವಳಿ ಮತ್ತು ಮಲೆನಾಡುಗಳ ಹಿತ್ತಲಲ್ಲಿ ಮಾವಿನ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆಗಳನ್ನು ಕಾಣದವರು ವಿರಳ. ಮಲೆನಾಡಿಗರು ಇವನ್ನು ಚಗಳಿ ಎಂದು ಕರೆಯುತ್ತಾರೆ. ಇವುಗಳ ಚಟ್ನಿಯನ್ನು ಮೆಚ್ಚಿ ತಿನ್ನುವವರೂ ಉಂಟು. ಚಗಳಿಗಳ ಸಾಲಿನಿಂದ ಸ್ವಲ್ಪ ದೂರದಲ್ಲಿ ಅದೇ ಬಣ್ಣದ ಜೀವಿಯೊಂದು ಒಂಟಿಯಾಗಿ ಓಡಾಡುತ್ತಿರಬಹುದು. ಮೇಲ್ನೋಟಕ್ಕೆ ಅದೂ ಇರುವೆಯೇ. ಆದರೆ ಕಾಲುಗಳನ್ನು ಎಣಿಸಿದರೆ ಆರರ ಬದಲು ಎಂಟು! ಮುಂದಿನ ಎರಡು ಕಾಲುಗಳನ್ನು ಮೇಲೆತ್ತಿ, ಇರುವೆಯು ಮೀಸೆಗಳನ್ನು ಆಡಿಸುವಂತೆ ಆಡಿಸುತ್ತ ಅದು ನಡೆಯುತ್ತದೆ. ಬೆದರಿದಾಗ ನೂಲೊಂದನ್ನು ಬಿಟ್ಟು ಕೆಳಗಿಳಿಯುತ್ತದೆ. ಅದು ಇರುವೆಯ ವೇಷ ತೊಟ್ಟ ಜೇಡ. ಕಚ್ಚುವ, ಹುಳಿರಸ ಚಿಮ್ಮಿಸುವ ಚಗಳಿಯ ತಂಟೆಗೆ ಅನೇಕ ಪ್ರಾಣಿಗಳು ಹೋಗುವುದಿಲ್ಲ. ಆ ಅಂಜಿಕೆಯೇ ಜೇಡಕ್ಕೆ ರಕ್ಷೆ.

ಓಡುವ ಜೀವಿಯಲ್ಲಿ ಇಂತಹ ವ್ಯತ್ಯಾಸಗಳನ್ನು ಕಣ್ಣು ಹಿಡಿಯಲಾರದು, ಛಾಯಾಚಿತ್ರ ಹಿಡಿಯಬಲ್ಲದು. ಆದರೆ ಅಂದವಾದ ಒಂದು ಚಿತ್ರದಿಂದ ಗುರುತಿಸುವ ಕೆಲಸ ಮುಗಿಯುವುದಿಲ್ಲ. ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ಹೀಗೆ ಹಲವು ಚಿತ್ರಗಳು ಬೇಕು. ಜೇಡದ ವಿಷಯದಲ್ಲಂತೂ ಮುಖದ ಚಿತ್ರವೇ ಮುಖ್ಯ. ಕಣ್ಣುಗಳ ಜೋಡಣೆಯಿಂದ ಅದರ ಕುಟುಂಬವನ್ನು ಬಹುಮಟ್ಟಿಗೆ ಊಹಿಸಬಹುದು. ಜಿಗಿಯುವ ಜೇಡಗಳಿಗೆ ಮುಂಭಾಗದಲ್ಲಿ ಎರಡು ದೊಡ್ಡ ಕಣ್ಣುಗಳು ದೀಪಗಳಂತೆ ಕಾಣುತ್ತವೆ. ಚಿತ್ರದೊಡನೆ ದಿನಾಂಕವನ್ನೂ ಸ್ಥಳವನ್ನೂ, ಜೀವಿಯು ಕುಳಿತಿದ್ದ ಗಿಡದ ಹೆಸರನ್ನೂ ಬರೆದಿಡುವುದು ಒಳ್ಳೆಯದು.

ಛಾಯಾಚಿತ್ರವಿಲ್ಲದ ಕಾಲದಲ್ಲಿ ಈ ಕೆಲಸವನ್ನು ಚಿತ್ರಕಾರರ ಕುಂಚ ಮಾಡುತ್ತಿತ್ತು. ಕೋರಮಂಡಲ ತೀರದ ಹಾವುಗಳನ್ನು ಅಭ್ಯಸಿಸಿದ ವೈದ್ಯ ಪ್ಯಾಟ್ರಿಕ್ ರಸೆಲ್, ಬಣ್ಣದ ಚಿತ್ರಗಳುಳ್ಳ ತನ್ನ ಗ್ರಂಥವನ್ನು 1796ರಲ್ಲಿ ಪ್ರಕಟಿಸಿದನು. ವಿಷದ ಹಾವನ್ನು ವಿಷವಿಲ್ಲದ್ದರಿಂದ ಬೇರ್ಪಡಿಸುವುದು ಅವನ ಮುಖ್ಯ ಗುರಿಗಳಲ್ಲೊಂದಾಗಿತ್ತು. ನಮ್ಮ ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಅವನ ಹೆಸರೇ ಉಳಿದಿದೆ.

ಹಾವುಗಳಲ್ಲಿಯೂ ವೇಷಸಾಮ್ಯವುಂಟು. ತೋಳಹಾವಿಗೆ ವಿಷವಿಲ್ಲ. ಅದು ಹಲ್ಲಿಗಳನ್ನರಸಿ ರಾತ್ರಿ ಮನೆಯ ಗೋಡೆಯನ್ನೇರುತ್ತದೆ. ಕಟ್ಟುಹಾವೂ ರಾತ್ರಿಯ ಸಂಚಾರಿ. ಅದರ ವಿಷ ನರಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಕಪ್ಪು ಮೈ, ಬಿಳಿ ಪಟ್ಟೆ ಎರಡಕ್ಕೂ ಸಾಮಾನ್ಯ. ತೋಳಹಾವಿನ ಪಟ್ಟೆಗಳು ಕುತ್ತಿಗೆಯ ಕಡೆ ಸ್ಪಷ್ಟವಾಗಿದ್ದು ಬಾಲದತ್ತ ಮಾಸುತ್ತವೆ. ಕಟ್ಟುಹಾವಿನಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಅದರ ಬೆನ್ನಿನ ನಡುವೆ ದೊಡ್ಡ ಷಟ್ಕೋನ ಹುರುಪೆಗಳ ಸಾಲೊಂದು ಇರುತ್ತದೆ. ಆದರೆ ಪಟ್ಟೆಗಳು ಒಂದೊಂದು ಹಾವಿನಲ್ಲಿ ಒಂದೊಂದು ಬಗೆ. ಪಟ್ಟೆಯೇ ಇಲ್ಲದ ಕಟ್ಟುಹಾವುಗಳೂ ಇವೆ. ಆದುದರಿಂದ ಪಟ್ಟೆಗಳನ್ನು ನಂಬಿ ಹಾವನ್ನು ಮುಟ್ಟುವುದು ಸಾಹಸವಲ್ಲ, ಅವಿವೇಕ. ಎರಡು ಮಾರು ದೂರದಲ್ಲಿ ನಿಂತು ತೆಗೆದ ಚಿತ್ರವನ್ನು ಬಳಿಕ ಹಿಗ್ಗಿಸಿ ನೋಡಿದರೆ ಹುರುಪೆಗಳು ತಾವಾಗಿಯೇ ಕಾಣುತ್ತವೆ. ಕೋಲಿನಿಂದ ಕೆಣಕಿ ಹೆಡೆಯೆತ್ತಿಸುವ ಛಾಯಾಗ್ರಾಹಕರು ಅನುಕರಣೀಯರಲ್ಲ.

ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ನೆಲದ ಮೇಲೆ ಮಲಗಿದವರನ್ನು. ನೋವು, ಊತಗಳು ಬಹಳ ಸಲ ಇರುವುದೇ ಇಲ್ಲ. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದವನಿಗೆ ಮನೆಯವರು ಅಜೀರ್ಣವೆಂದು ಕಷಾಯ ಕೊಡುತ್ತಾರೆ. ಅಷ್ಟರಲ್ಲಿ ರೆಪ್ಪೆಗಳು ಜೋತುಬೀಳುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟವೇ ಕುಂದುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರ ಸಂಖ್ಯೆ ವರ್ಷಕ್ಕೆ ಸರಾಸರಿ 58,000ದಷ್ಟಿತ್ತೆಂದು ಅಂದಾಜು ಮಾಡಲಾಗಿದೆ.

ಹಾವು ಕಚ್ಚಿದಾಗ ಅದನ್ನು ಹುಡುಕುವುದಾಗಲಿ, ಕೊಂದು ಆಸ್ಪತ್ರೆಗೆ ಒಯ್ಯುವುದಾಗಲಿ ಅಗತ್ಯವಿಲ್ಲ. ಸತ್ತ ಹಾವಿನ ತಲೆಯೂ ಕೆಲಕಾಲ ಕಚ್ಚಬಲ್ಲದು. ನಮ್ಮ ದೇಶದಲ್ಲಿ ಬಳಸುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ. ದೂರದಿಂದ ತೆಗೆದ ಚಿತ್ರವೊಂದು ಕೈಯಲ್ಲಿದ್ದರೆ ವೈದ್ಯರಿಗೆ ಅನುಕೂಲ. ಇಲ್ಲದಿದ್ದರೆ ರೋಗಿಯ ಲಕ್ಷಣಗಳನ್ನು ನೋಡಿಯೇ ಅವರು ಚಿಕಿತ್ಸೆಯನ್ನು ಆರಂಭಿಸುತ್ತಾರೆ.