ಝಡ್ ಡ್ರೈವಿನ ಕೆಂಪು ಗುರುತು

ಇಳಕಲ್ಲಿನ ನೇಕಾರರ ಸಹಕಾರ ಸಂಘವೊಂದರ ಕಚೇರಿಗೆ ಈಚೆಗೆ ಹೋಗಿದ್ದಾಗ, ಮಡಿಸಿದ ಸೀರೆಗಳನ್ನು ಎದೆಗವಚಿಕೊಂಡು ಮಜೂರಿಗಾಗಿ ನಿಂತಿದ್ದ ವೃದ್ಧ ನೇಕಾರರೊಬ್ಬರಿಗೆ ಕೊಟ್ಟ ನೂಲಿನ ಲೆಕ್ಕವನ್ನು ತೆರೆಯಲಾರದೆ ತರುಣಿಯೊಬ್ಬಳು ಚಡಪಡಿಸುತ್ತಿದ್ದಳು. ಆಕೆಯ ಗಣಕದ ಪರದೆಯಲ್ಲಿ, ಕಚೇರಿಯ ಸರ್ವರಿನಿಂದ ಹಂಚಿಕೊಂಡ ಡ್ರೈವಿನ ಚಿತ್ರದ ಮೇಲೆ, ಕೆಂಪು ಗುಣಾಕಾರ ಚಿಹ್ನೆ ಬಿದ್ದಿತ್ತು.

“ಕಾಕಾ, ಝಡ್ ಡ್ರೈವ್ ಮತ್ತ ಹೋಗೇತ್ರಿ.”

“ಹೋಗಿಲ್ಲವಾ, ಮಲಗೇತಿ. ಎರಡು ಸಲ ಒತ್ತಿ ಎಬ್ಬಿಸು,” ಎಂದರು ಒಳಕೋಣೆಯ ಹಿರಿಯ ಲೆಕ್ಕಿಗರು.

ಒತ್ತಿದಳು, ಕೋಶ ತೆರೆಯಿತು, ಚಿಹ್ನೆ ಮಾಯವಾಯಿತು. ಬಾಗಲಕೋಟೆಯ ನವನಗರದಲ್ಲಿ ಟ್ಯಾಲಿ ಬರೆಯುವವರಾಗಲಿ, ಬಾದಾಮಿ ಹುನಗುಂದಗಳ ಕಚೇರಿಗಳವರಾಗಲಿ, ಈ ಚಿಹ್ನೆಯನ್ನು ಕಂಡೊಡನೆ ಎಲ್ಲ ಯಂತ್ರಗಳನ್ನೂ ಆರಿಸಿ ಹೊತ್ತಿಸುವ ಮೊದಲು ಆ ಲೆಕ್ಕಿಗರ ವಿವೇಕವನ್ನು ಅನುಸರಿಸತಕ್ಕದ್ದೆಂದು ನನಗೆ ಅಂದೇ ದೃಢವಾಯಿತು.

ವಿಂಡೋಸ್ ಸರ್ವರು, ಯಾವ ಕಡತವನ್ನೂ ತೆರೆದಿಡದೆ ಸುಮ್ಮನಿರುವ ಸಂಪರ್ಕವನ್ನು 15 ನಿಮಿಷಗಳ ತರುವಾಯ ತಾನಾಗಿಯೇ ಕಡಿಯುತ್ತದೆ. ಮತ್ತೆ ಕೇಳಿದೊಡನೆ ಯಥಾಪ್ರಕಾರ ಜೋಡಿಸಿಕೊಡುತ್ತದೆ. ಈ ನಿಯಮದಲ್ಲಿ ನನ್ನನ್ನು ಬಹುವಾಗಿ ಸೆಳೆದುದು ಸೊನ್ನೆಯ ವರ್ತನೆ. ಕಾಲಮಿತಿಯೇ ಬೇಡವೆನ್ನುವವನು ಸಹಜವಾಗಿ ಸೊನ್ನೆಯನ್ನು ಬರೆಯುತ್ತಾನೆ. ಆದರೆ ಸರ್ವರು ಅದನ್ನು, ಸುಮ್ಮನಾದ ಕೆಲವೇ ಕ್ಷಣಗಳಲ್ಲಿ ಕಡಿದುಬಿಡೆಂಬ ಆಜ್ಞೆಯಾಗಿ ಗ್ರಹಿಸುವುದರಿಂದ, ಶಮನವಾಗಬೇಕಾದ ಕಾಟ ಉಲ್ಬಣಿಸುತ್ತದೆ. ಎಂದಿಗೂ ಕಡಿಯದಿರಬೇಕಾದರೆ ಬರೆಯತಕ್ಕದ್ದು ಋಣ ಒಂದು: ಸರ್ವರಿನ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ನೆಟ್ ಕಾನ್ಫಿಗ್ ಸರ್ವರ್ /ಆಟೋಡಿಸ್ಕನೆಕ್ಟ್:-1’ ಎಂದು ಕೊಡಬೇಕು. ಶೂನ್ಯಕ್ಕೂ ಅಭಾವಕ್ಕೂ ಇಷ್ಟು ಅಂತರವನ್ನಿರಿಸಿದ ಆ ರಚನೆಕಾರರ ತರ್ಕವನ್ನು ನಾನು ಇನ್ನೂ ಮನಸ್ಸಿನಲ್ಲಿ ಮಥಿಸುತ್ತಿದ್ದೇನೆ. ಆದರೂ ಆ 15 ನಿಮಿಷಗಳನ್ನು ಹಾಗೆಯೇ ಬಿಡುವುದು ಲೇಸೆಂಬುದು ನನ್ನ ಪಕ್ಷ. ಏಕೆಂದರೆ ಸಾಮಾನ್ಯ ವಿಂಡೋಸ್ 10 ಅಥವಾ 11ರ ಗಣಕವನ್ನೇ ಸರ್ವರಿನಂತೆ ಬಳಸುವಲ್ಲಿ ಏಕಕಾಲಕ್ಕೆ 20 ಸಂಪರ್ಕಗಳಿಗೆ ಮಾತ್ರ ಅವಕಾಶವಿದ್ದು, ಸುಮ್ಮನಿರುವವು ಸ್ಥಳ ಬಿಟ್ಟುಕೊಡುವುದು ನ್ಯಾಯವೇ.

ಎರಡು ಸಲ ಒತ್ತಿದರೂ ತೆರೆಯದಿದ್ದಲ್ಲಿ ಮಾತ್ರ ನಿಜವಾದ ದೋಷವನ್ನು ಹುಡುಕಬೇಕು. ಕರೆಂಟು ಹೋಗಿ ಬಂದಮೇಲೆ ರೌಟರು ಸರ್ವರಿಗೆ ಹೊಸ ಐಪಿ ಕೊಟ್ಟಿದ್ದು, ಡ್ರೈವ್ ಹಳೆಯ ಐಪಿಯನ್ನೇ ನಂಬಿ ಕುಳಿತಿರಬಹುದು. ಸರ್ವರಿಗೆ ಸ್ಥಿರ ಐಪಿ ಕೊಟ್ಟು ಹೆಸರಿನಿಂದ ಮ್ಯಾಪ್ ಮಾಡಿದರೆ ಆ ತಂಟೆ ತೀರಿತು. ಬೆಳಗಿನ ಲಾಗಿನ್ ವೇಳೆಗೆ ನೆಟ್‌ವರ್ಕ್ ಸಿದ್ಧವಾಗದಿದ್ದರೆ, ಅದಕ್ಕಾಗಿ ಕಾಯುವಂತೆ ಗ್ರೂಪ್ ಪಾಲಿಸಿಯಲ್ಲಿ ವಿಧಿಸಬಹುದು. ವಿದ್ಯುತ್ ಉಳಿಸಲು ನೆಟ್‌ವರ್ಕ್ ಕಾರ್ಡನ್ನೇ ಆರಿಸುವ ಅನುಮತಿಯಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಆ ಟಿಕ್ ತೆಗೆಯಬೇಕು. ಪಾಸ್‌ವರ್ಡ್ ಬದಲಾಗಿದ್ದರೆ ಕ್ರೆಡೆನ್ಷಿಯಲ್ ಮ್ಯಾನೇಜರಿನ ಹಳೆಯದನ್ನು ಅಳಿಸಬೇಕು.

ಇನ್ನು ನೆಟ್‌ವರ್ಕಿಗೆ ಜೋಡಿಸಿ ಕಡತಗಳನ್ನಿಡುವ ಹಳೆಯ ಸಂಗ್ರಹಪೆಟ್ಟಿಗೆಗಳ ಸಂಗತಿ. 1980ರ ದಶಕದಲ್ಲಿ ಐಬಿಎಮ್‌ನ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ ಎಸ್‌ಎಂಬಿ ಎಂಬ ಕಡತ ಹಂಚಿಕೆಯ ಪದ್ಧತಿಯ ಮೊದಲ ಆವೃತ್ತಿಯನ್ನು, 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಕುತಂತ್ರಾಂಶದ ಹಾವಳಿಯಾದ ವರ್ಷದಲ್ಲೇ, ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಕೈಬಿಡತೊಡಗಿತು. ಆ ಮೊದಲ ಆವೃತ್ತಿಯನ್ನಷ್ಟೇ ಬಲ್ಲ ಪೆಟ್ಟಿಗೆ ಕಚೇರಿಯಲ್ಲಿದ್ದರೆ, ಅದಕ್ಕಾಗಿ ಎಲ್ಲ ಗಣಕಗಳಲ್ಲೂ ಹಳೆಯದನ್ನು ಮತ್ತೆ ಚಾಲೂ ಮಾಡುವ ಸುಲಭೋಪಾಯಕ್ಕೆ ಇಳಿಯದೆ, ಲೆಕ್ಕಗಳನ್ನು ನಕಲಿಸಿಕೊಂಡು ಪೆಟ್ಟಿಗೆಯನ್ನೇ ಬದಲಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.