ಒಂದು ಮೂಲೆ, ಎಂಟು ಸಲ

ಸಕಲೇಶಪುರ ದಾಟಿ ಮಂಗಳೂರಿನ ಹೆದ್ದಾರಿಯಲ್ಲಿ ಐದಾರು ಕಿಲೋಮೀಟರ್ ಹೋದರೆ, ದೋಣಿಗಾಲ್ ಬಳಿ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು. ಇನ್ನೂರೈವತ್ತರಷ್ಟು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಒಳಗೆ ನಿಂತವರ ಮೊದಲ ಪ್ರಶ್ನೆ: ‘ನಕ್ಷತ್ರ ಎಲ್ಲಿ?’ ಡ್ರೋನ್ ಚಿತ್ರದಲ್ಲಿ ಕಂಡ ಎಂಟು ಮೂಲೆಯ ನಕ್ಷತ್ರ ನೆಲದ ಮೇಲೆ ನಿಂತವರಿಗೆ ಕಾಣುವುದೇ ಇಲ್ಲ. ಅದು ಚೆಂದಕ್ಕೆ ಬಿಟ್ಟ ರಂಗೋಲಿಯಲ್ಲ, ಗುಂಡು ಹೋಗುವ ದಾರಿಯನ್ನು ಅಳೆದು ಎಳೆದ ಗೆರೆ.

ಹಳೆಯ ಕೋಟೆಗಳ ದುಂಡು ಬುರುಜಿಗೆ ಒಂದು ದೋಷವಿತ್ತು. ಪಕ್ಕದ ಬುರುಜಿನಿಂದ ಹಾರಿಸಿದ ಗುಂಡು ನೇರ ಹೋಗುತ್ತದೆಯೇ ಹೊರತು ದುಂಡು ಮೈಯನ್ನು ಬಳಸಿಕೊಂಡು ತಿರುಗುವುದಿಲ್ಲ. ಹಾಗಾಗಿ ಬುರುಜಿನ ಹೊಟ್ಟೆಯ ಮುಂದೆ ತುಸು ನೆಲ ಯಾರ ಗುಂಡಿಗೂ ಸಿಗದೆ ಉಳಿಯುತ್ತಿತ್ತು. ಅಲ್ಲಿಗೆ ನುಸುಳಿದ ಶತ್ರು ನಿಶ್ಚಿಂತೆಯಿಂದ ಗೋಡೆಯ ಬುಡ ತೋಡಬಹುದಿತ್ತು. 1494ರಲ್ಲಿ ಫ್ರಾನ್ಸಿನ ಸೇನೆ ಹೊಸ ಫಿರಂಗಿಗಳೊಂದಿಗೆ ಇಟಲಿಗೆ ನುಗ್ಗಿದಾಗ ಎತ್ತರದ ಗೋಡೆಗಳೂ ನಿಲ್ಲಲಿಲ್ಲ. ಅಲ್ಲಿನ ಶಿಲ್ಪಿಗಳು ಪೆಟ್ಟು ತಿಂದು ಕಲಿತರು. ಗೋಡೆ ತಗ್ಗಿತು, ದಪ್ಪವಾಯಿತು, ಬುರುಜು ಚೂಪಾಯಿತು. ಚೂಪು ಬುರುಜಿನ ಮುಖ ಚಪ್ಪಟೆ. ನೆರೆಯ ಮೂಲೆಯ ಗುಂಡು ಅದರುದ್ದಕ್ಕೂ ಸವರಿಕೊಂಡು ಹೋಗುತ್ತದೆ. ಮುಂದೆ ಫ್ರಾನ್ಸಿನ ಸೇನಾ ಎಂಜಿನಿಯರ್ ವೊಬಾನ್ (1633–1707) ಈ ವಿದ್ಯೆಯನ್ನು ಪಳಗಿಸಿದ. ಕೋಟೆ ಮುರಿಯುವುದರಲ್ಲೂ ಕಟ್ಟುವುದರಲ್ಲೂ ಒಂದೇ ಕೈ. ಮುತ್ತಿಗೆಯಲ್ಲಿ ಕಂಡ ದೋಷ ಮುಂದಿನ ನಕ್ಷೆಯಲ್ಲಿ ತಿದ್ದುಪಡಿಯಾಗುತ್ತಿತ್ತು. ಫ್ರೆಂಚರ ಆ ಪದ್ಧತಿಯೇ ಮಂಜರಾಬಾದಿಗೆ ಬಂದದ್ದು.

ಎಂಟು ಮೂಲೆ ಎಂದರೆ ತಲೆ ತಿರುಗುವ ಲೆಕ್ಕ ಅನ್ನಿಸಬಹುದು. ಹಾಗೇನಿಲ್ಲ. 45 ಡಿಗ್ರಿಯ ಒಂದು ತುಂಡನ್ನು ಸರಿಯಾಗಿ ಕೂರಿಸಿದರೆ ಮಿಕ್ಕ ಏಳು ಅದರ ಪ್ರತಿ. ಈಗಲೂ ದೊಡ್ಡ ಆಸ್ಪತ್ರೆ ಕಟ್ಟುವವರು ಒಂದು ಕೋಣೆಯನ್ನು ಮಾದರಿಯಾಗಿ ಎಬ್ಬಿಸಿ, ನರ್ಸುಗಳು ಅದರಲ್ಲಿ ಓಡಾಡಿ ತಪ್ಪು ತೋರಿಸಿದ ಮೇಲೆ ನೂರು ಕೋಣೆ ಕಟ್ಟುವುದುಂಟು. ಆದರೆ ಕೋಟೆಯ ತುಂಡುಗಳು ಒಂದನ್ನೊಂದು ಇನ್ನೂ ಬಿಗಿಯಾಗಿ ನೆಚ್ಚಿವೆ. ಒಂದು ಮೂಲೆಯನ್ನು ಉಳಿತಾಯಕ್ಕೆಂದು ಕೈಬಿಟ್ಟರೆ ಅಕ್ಕಪಕ್ಕದ ಎರಡಕ್ಕೂ ಕಾವಲು ತಪ್ಪುತ್ತದೆ.

ಹೀಗೆ ನಕಲಾಗದೆ ಉಳಿದವು ಕೋಟೆಯ ನಡುವಿನವು: ಶಿಲುಬೆಯಾಕಾರದ ಕೊಳ, ಬೇಸಿಗೆಯಲ್ಲೂ ತಣ್ಣಗಿರುವ ನೆಲಮಾಳಿಗೆಯ ಮದ್ದಿನ ಮನೆ.

ಮಂಜು ಕವಿಯದ ದಿನ ಯಾವುದಾದರೂ ಮೂಲೆಯಿಂದ ಹುಷಾರಾಗಿ ಹೊರಗಿಣುಕಿ. ನೀವು ನಿಂತ ಗೋಡೆಯ ಬುಡ ಕಾಣದು. ಪಕ್ಕದ ಗೋಡೆಯ ಬುಡ, ಅಲ್ಲಿ ಬೆಳೆದ ಹುಲ್ಲಿನ ಸಮೇತ, ಕಾಣುತ್ತದೆ.